ತಾರಾಪುರದ ಟಿಪ್ಪಣಿ ಬರೆಸಿದ ಗುರುಗಳು

ತೊಂಬತ್ತರ ದಶಕದ ಕೊನೆಯಲ್ಲಿ, ಆಗಿನ ಗುಲ್ಬರ್ಗದಲ್ಲಿ, ನಾನು ಈ ಕಾಲೇಜಿನಲ್ಲಿ ಬಿ.ಎ. ಓದುತ್ತಿದ್ದಾಗ ಅಂತರರಾಷ್ಟ್ರೀಯ ಸಂಬಂಧಗಳ ಪತ್ರಿಕೆಯನ್ನು ಗೈಡು ನೋಡಿ ಬರೆದು ಮುಗಿಸುವ ವಿಷಯವೆಂದೇ ಬಹುತೇಕರು ಭಾವಿಸಿದ್ದರು. ನಮ್ಮ ರಾಜ್ಯಶಾಸ್ತ್ರದ ಗುರುಗಳು ಆ ಭಾವನೆಯನ್ನು ಮೊದಲ ವಾರವೇ ಅಳಿಸಿದರು. 1948ರ ಆಗಸ್ಟ್‌ನಲ್ಲಿ ಹೈದರಾಬಾದ್ ಸಂಸ್ಥಾನದ ನಿಜಾಮರ ಸರಕಾರ ಭಾರತದ ವಿರುದ್ಧ ವಿಶ್ವಸಂಸ್ಥೆಯ ಭದ್ರತಾ ಮಂಡಳಿಗೆ ದೂರು ಒಯ್ದಿತ್ತು. ಸೆಪ್ಟೆಂಬರ್ 17ರಂದು ಹೈದರಾಬಾದ್ ಶರಣಾಗುವ ಹಿಂದಿನ ದಿನ ಪ್ಯಾರಿಸ್ಸಿನಲ್ಲಿ ಮಂಡಳಿ ಅದನ್ನು ಚರ್ಚೆಗೆ ಎತ್ತಿಕೊಂಡಿತು. ಅಂದು ಅಲ್ಲಿ ಮಾತಿಗೆ ಬಂದದ್ದು ಆ ಸಂಸ್ಥಾನದಲ್ಲಿದ್ದ ಕಲಬುರಗಿ, ಬೀದರಗಳ ಭವಿಷ್ಯವೂ ಹೌದು ಎಂದು ಅವರು ಹೇಳಿದಾಗ, ವಿದೇಶಾಂಗ ನೀತಿ ನಮ್ಮ ಅಜ್ಜಂದಿರ ಬದುಕಿಗೆ ಸೇರಿದ ವಿಷಯವಾಯಿತು.

ವಿದ್ವಾಂಸರ ಓದಿಗೂ ಸರಕಾರದ ನಿರ್ಧಾರಕ್ಕೂ ನಡುವಿನ ದಾರಿಯನ್ನು ವಿವರಿಸಲು ಅವರು ಅಮೆರಿಕದ ಹಾರ್ವರ್ಡ್‌ನ ಪ್ರಾಧ್ಯಾಪಕ ಜೋಸೆಫ್ ನೈ ಅವರ ವೃತ್ತಿಜೀವನವನ್ನು ಆರಿಸಿಕೊಂಡಿದ್ದರು. ರಾಷ್ಟ್ರಗಳು ಸೈನ್ಯಬಲದಿಂದ ಮಾತ್ರವಲ್ಲ, ಪರಸ್ಪರ ಅವಲಂಬನೆಯಿಂದಲೂ ಕಟ್ಟುಬೀಳುತ್ತವೆ ಎಂದು ವಿವರಿಸುವ ಗ್ರಂಥವನ್ನು ರಾಬರ್ಟ್ ಕೊಹೇನ್ ಅವರೊಡನೆ 1977ರಲ್ಲಿ ಪ್ರಕಟಿಸಿದ ನೈ, ಅದೇ ವರ್ಷ ಕಾರ್ಟರ್ ಆಡಳಿತದ ವಿದೇಶಾಂಗ ಇಲಾಖೆಗೆ ಸೇರಿ, ಅಣ್ವಸ್ತ್ರ ಪ್ರಸರಣ ತಡೆಯುವ ಸಮಿತಿಯ ಅಧ್ಯಕ್ಷರಾದರು. ಭಾರತ 1974ರಲ್ಲಿ ಪೋಖರಣ್‌ನಲ್ಲಿ ಅಣುಸ್ಫೋಟ ನಡೆಸಿದ್ದರಿಂದ ತಾರಾಪುರದ ಅಣುವಿದ್ಯುತ್ ಸ್ಥಾವರಕ್ಕೆ ಬರಬೇಕಾದ ಇಂಧನವೂ ಆ ವರ್ಷಗಳ ವಿವಾದವಾಗಿತ್ತು. 1963ರ ಒಪ್ಪಂದದಂತೆ ಇಂಧನ ಕೊಡಬೇಕಾಗಿದ್ದ ಅಮೆರಿಕ, 1978ರ ತನ್ನ ಕಾನೂನಿನಲ್ಲಿ ಇಂಧನ ಪಡೆಯುವ ದೇಶ ತನ್ನ ಎಲ್ಲ ಅಣುಸ್ಥಾವರಗಳನ್ನೂ ಅಂತರರಾಷ್ಟ್ರೀಯ ತಪಾಸಣೆಗೆ ಒಪ್ಪಿಸಬೇಕೆಂಬ ಷರತ್ತನ್ನು ಮುಂದಿಟ್ಟಿತು. ಭಾರತ ಒಪ್ಪಲಿಲ್ಲ. 1982ರಲ್ಲಿ ಫ್ರಾನ್ಸ್ ಇಂಧನ ಪೂರೈಸಲು ಮುಂದಾಯಿತು. ನಾವು ಇಂಧನಕ್ಕಾಗಿ ಅವರನ್ನು ಅವಲಂಬಿಸಿದ್ದಂತೆ, ಕೊಟ್ಟ ಮಾತು ಉಳಿಸಿಕೊಳ್ಳುವ ಹೆಸರಿಗಾಗಿ ಅವರೂ ನಮ್ಮನ್ನು ಅವಲಂಬಿಸಿದ್ದರು ಎಂಬ ಗುರುಗಳ ವಿಶ್ಲೇಷಣೆ ನನಗೆ ಇಂದಿಗೂ ಸರಿಯೆನಿಸುತ್ತದೆ.

ಈ ಪ್ರಕರಣದ ಮೇಲೆಯೇ ಅವರು ನಮ್ಮಿಂದ ಟಿಪ್ಪಣಿ ಬರೆಸಿದರು. ಒಬ್ಬೊಬ್ಬರಿಗೂ ಒಂದೇ ಫುಲ್‌ಸ್ಕೇಪ್ ಹಾಳೆ. ಮೇಲೆ ‘ವಿದೇಶಾಂಗ ಸಚಿವರ ಅವಗಾಹನೆಗೆ’ ಎಂಬ ತಲೆಬರಹ. ಸಮಯ ಒಂದು ಪೀರಿಯಡ್. ಬೆಲ್ ಹೊಡೆಯುತ್ತಲೇ, ವಾಕ್ಯ ಅರ್ಧಕ್ಕೆ ನಿಂತಿದ್ದರೂ, ಹಾಳೆಗಳನ್ನು ಕೈಯಿಂದ ತೆಗೆದುಕೊಂಡರು, ಏಕೆಂದರೆ ಸಭೆ ಮುಗಿದ ಮೇಲೆ ಬರುವ ಟಿಪ್ಪಣಿ ಎಷ್ಟೇ ಚೆನ್ನಾಗಿದ್ದರೂ ಮಂತ್ರಿಗೆ ಉಪಯೋಗವಿಲ್ಲ. ಮರುದಿನ ಹಾಳೆಗಳು ಮರಳಿದಾಗ ‘ಐತಿಹಾಸಿಕ’, ‘ಅತ್ಯಂತ ಮಹತ್ವದ’ ಎಂಬ ಪದಗಳ ಮೇಲೆಲ್ಲ ಕೆಂಪು ಗೆರೆ ಬಿದ್ದಿತ್ತು. ಮಾರ್ಜಿನ್ನಿನಲ್ಲಿ ಎಲ್ಲರಿಗೂ ಒಂದೇ ಪ್ರಶ್ನೆ: ‘ಹಾಗಾದರೆ ಏನು ಮಾಡಬೇಕು?’ ಸೇಡಂ ಕಡೆಯ ಸಹಪಾಠಿಯೊಬ್ಬಳು ಮಾತ್ರ ಎರಡು ದಾರಿಗಳನ್ನು ಬರೆದು, ಪ್ರತಿಯೊಂದರಿಂದ ಆಗುವ ನಷ್ಟವನ್ನೂ ತೋರಿಸಿದ್ದಳು. ಅದನ್ನು ಗುರುಗಳು ತರಗತಿಗೆ ಓದಿ ಹೇಳಿದರು.

ನೈ 1994ರಲ್ಲಿ ರಕ್ಷಣಾ ಇಲಾಖೆಗೆ ಹೋಗಿ, ಪೂರ್ವ ಏಷ್ಯಾದಲ್ಲಿ ಸುಮಾರು 1 ಲಕ್ಷ ಅಮೆರಿಕನ್ ಸೈನಿಕರನ್ನು ಉಳಿಸಿಕೊಳ್ಳುವ 1995ರ ಕಾರ್ಯನೀತಿ ವರದಿಯನ್ನು ರೂಪಿಸಿ, ಮತ್ತೆ ಹಾರ್ವರ್ಡ್‌ಗೆ ಮರಳಿದ್ದರು. ಮನವೊಲಿಸುವ ಮೃದು ಶಕ್ತಿಯ ಬಗ್ಗೆ 1990ರಲ್ಲೇ ಬರೆದವರು ಸೈನ್ಯದ ಲೆಕ್ಕ ಹಾಕುವ ಕುರ್ಚಿಯಲ್ಲಿ ಕೂತದ್ದು ವಿರೋಧಾಭಾಸವಲ್ಲವೇ ಎಂದು ನಾವು ಕೇಳಿದೆವು. ಆ ಎರಡನ್ನೂ ಒಟ್ಟಿಗೆ ತೂಗಬೇಕಾದ ಹೊಣೆ ಪುಸ್ತಕ ಬರೆಯುವವನ ಮೇಲೆ ಅಪರೂಪಕ್ಕೆ ಬೀಳುತ್ತದೆ, ಅದಕ್ಕಾಗಿಯೇ ಇಂಥವರನ್ನು ಓದಬೇಕು ಎಂದರು ಗುರುಗಳು. ನಮ್ಮ ದೇಶದ ವಿಶ್ವವಿದ್ಯಾಲಯಗಳಿಗೂ ವಿದೇಶಾಂಗ ಸಚಿವಾಲಯವಿದ್ದ ದೆಹಲಿಯ ಸೌತ್ ಬ್ಲಾಕಿಗೂ ನಡುವೆ ಇಂಥ ಓಡಾಟ ಕಡಿಮೆಯೆಂಬ ಕೊರಗು ಅವರಿಗೆ ಬಹಳವಿತ್ತು.

ಈಗ ಸರಕಾರಿ ಸೇವೆಯಲ್ಲಿ ಕಡತಗಳಿಗೆ ಟಿಪ್ಪಣಿ ಬರೆಯುವಾಗ ಕೊನೆಯ ಪ್ಯಾರಾದಲ್ಲಿ ಆ ಕೆಂಪು ಶಾಯಿಯ ಪ್ರಶ್ನೆಗೆ ಉತ್ತರವಿದೆಯೇ ಎಂದು ನೋಡಿಕೊಳ್ಳುತ್ತೇನೆ. 2025ರ ಮೇ ತಿಂಗಳಲ್ಲಿ ನೈ ತೀರಿಕೊಂಡ ಸುದ್ದಿ ಓದಿದ ಮೇಲೆ ನನ್ನ ಹಳೆಯ ಹಾಳೆಯನ್ನು ಹುಡುಕಿ, ಅದರ ಪ್ರತಿಯನ್ನು ವಿಭಾಗಕ್ಕೆ ಕಳಿಸಿದ್ದೇನೆ. ಈ ವರ್ಷದ ಅಂತಿಮ ಬಿ.ಎ. ವಿದ್ಯಾರ್ಥಿಗಳಿಂದ ತಾರಾಪುರದ ಟಿಪ್ಪಣಿಯನ್ನು, ಒಂದೇ ಹಾಳೆಯಲ್ಲಿ, ಒಂದೇ ಪೀರಿಯಡ್ಡಿನಲ್ಲಿ ಬರೆಸಬೇಕೆಂದು ಈಗಿನ ಅಧ್ಯಾಪಕರಲ್ಲಿ ನನ್ನ ವಿನಂತಿ.