ಬೆಂಗಳೂರಿನ ಪೀಣ್ಯದ ಹೊಸ ಕ್ರೈಸ್ತ ಸಭೆ, ಸೇವೆಯ ಕೆಲಸ: ಬಿಪಿ ಮೇಜು, ಇಎಸ್‌ಐ ಕಾಗದ, ಸಂಜೆ ಪಾಠ ಎಲ್ಲಿಗೆ ಬಂತು

ಲಗ್ಗೆರೆ, ಹೆಗ್ಗನಹಳ್ಳಿ, ಚೊಕ್ಕಸಂದ್ರದ ಓಣಿಗಳಲ್ಲಿ ಬಾಡಿಗೆಗೆ ಇರುವವರಲ್ಲಿ ಬಹಳ ಮಂದಿ ಗಾರ್ಮೆಂಟ್ಸ್ ಮತ್ತು ಸಣ್ಣ ಕಾರ್ಖಾನೆಗಳ ಕೆಲಸದವರು. ಕಲಬುರಗಿ, ಯಾದಗಿರಿ, ರಾಯಚೂರು ಕಡೆಯಿಂದ ಕಟ್ಟಡ ಕೆಲಸಕ್ಕೆ ಬಂದವರೂ ಇದ್ದಾರೆ. ವಾರಕ್ಕೆ ಆರು ದಿನ ದುಡಿತ. ಭಾನುವಾರ ಬೆಳಿಗ್ಗೆ ಬಟ್ಟೆ ಒಗೆಯುವುದು, ನೀರು ತುಂಬಿಸುವುದು, ವಾರದ ಸಂತೆ. ಹಾಗಾಗಿ ಬೆಳಿಗ್ಗೆ ಹತ್ತಕ್ಕೆ ಆರಾಧನೆ ಇಟ್ಟರೆ ಹೆಂಗಸರೇ ಇರುವುದಿಲ್ಲ. ಈಗ ಮಧ್ಯಾಹ್ನ ಮೂರಕ್ಕೆ ಸೇವೆಯ ಮೇಜುಗಳು, ಐದೂವರೆಗೆ ಆರಾಧನೆ, ನಡುವೆ ಅರ್ಧ ಗಂಟೆ ಬಿಡುವು. ಆ ಬಿಡುವು ಬೇಕೆಂದೇ ಇಟ್ಟದ್ದು: ಬಿಪಿ ನೋಡಿಸಿಕೊಂಡು ಮನೆಗೆ ಹೋಗುವವರು ಯಾರ ಮುಖವನ್ನೂ ನೋಡದೆ, ಸಂಕೋಚವಿಲ್ಲದೆ ಹೋಗುವಂತಿರಬೇಕು.

ಎಲ್ಲ ಕೆಲಸಕ್ಕೂ ಮೊದಲ ನಿಯಮ ಒಂದೇ: ಮೇಜಿನ ಮೇಲೆ ಕರಪತ್ರ ಇಲ್ಲ, ಸಾಲಿನಲ್ಲಿ ನಿಂತವರಿಗೆ ಪ್ರಾರ್ಥನೆ ಇಲ್ಲ. ಯಾರಾದರೂ ಬಾಯಿಬಿಟ್ಟು ಕೇಳಿದರೆ ಕೆಲಸ ಮುಗಿದ ಮೇಲೆ, ಬೇರೆ ಕೋಣೆಯಲ್ಲಿ. ಮತಾಂತರದ ಬಗೆಗಿನ 2022ರ ಕರ್ನಾಟಕ ಕಾಯ್ದೆ ಕೊಡುಗೆ, ಹಣ, ವಸ್ತುರೂಪದ ಲಾಭ ಎಲ್ಲವನ್ನೂ ಆಮಿಷದ ವ್ಯಾಖ್ಯೆಯೊಳಗೆ ತಂದಿತು, ಅದು ಒಂದು ಕಾರಣ. ಆದರೆ ಕಾಯ್ದೆ ಇಲ್ಲದಿದ್ದರೂ ಈ ನಿಯಮ ಹೀಗೇ ಇರುತ್ತಿತ್ತು. ಷರತ್ತು ಹಾಕಿ ಮಾಡಿದ ಸಹಾಯವನ್ನು ಜನ ಒಂದೇ ವಾರದಲ್ಲಿ ಗುರುತು ಹಿಡಿಯುತ್ತಾರೆ, ಮತ್ತೆ ನಂಬುವುದಿಲ್ಲ.

ಬಿಪಿ, ಶುಗರ್ ಮೇಜು

ಇದು ಈಗ ಗಟ್ಟಿಯಾಗಿ ನಡೆಯುತ್ತಿದೆ. ಎರಡು ಡಿಜಿಟಲ್ ಯಂತ್ರ, ತೋಳಿಗೆ ಕಟ್ಟುವ ಮೂರು ಅಳತೆಯ ಪಟ್ಟಿ, ಒಂದು ಗ್ಲುಕೋಮೀಟರ್, ಆರು ಕುರ್ಚಿ. ನರ್ಸಿಂಗ್ ಓದಿದವರೊಬ್ಬರು ಇಲ್ಲದ ವಾರ ಈ ಮೇಜು ತೆರೆಯುವುದಿಲ್ಲ.

ತಪ್ಪು ರೀಡಿಂಗ್ ಬರುವುದು ಯಂತ್ರದಿಂದಲ್ಲ, ಅವಸರದಿಂದ. ಮೆಟ್ಟಿಲು ಹತ್ತಿ ಬಂದವರನ್ನು ತಕ್ಷಣ ಅಳೆದರೆ ಬಿಪಿ ಜಾಸ್ತಿಯೇ ತೋರಿಸುತ್ತದೆ. “ಅಕ್ಕಾ, ಐದು ನಿಮಿಷ ಸುಮ್ನೆ ಕೂತ್ಕೊಳ್ಳಿ, ಆಮೇಲೆ ನೋಡೋಣ” ಎಂದು ಹೇಳಿ ಕೂರಿಸಬೇಕು. ಬೆನ್ನಿಗೆ ಆಸರೆ, ಪಾದ ನೆಲದ ಮೇಲೆ, ಕಾಲ ಮೇಲೆ ಕಾಲು ಇಲ್ಲ, ತೋಳು ಎದೆಯ ಮಟ್ಟಕ್ಕೆ ಮೇಜಿನ ಮೇಲೆ. ಅಳೆಯುವಾಗ ಮಾತಿಲ್ಲ. ಹಿಂದಿನ ಅರ್ಧ ಗಂಟೆಯಲ್ಲಿ ಕಾಫಿ, ಬೀಡಿ ಆಗಿದ್ದರೆ ಕಾಯಿಸಬೇಕು. ಮೂತ್ರ ಕಟ್ಟಿಕೊಂಡು ಕೂತರೂ ಅಂಕಿ ಏರುತ್ತದೆ, ಶೌಚಾಲಯ ಎಲ್ಲಿದೆ ಎಂದು ಬಂದವರಿಗೆ ಮೊದಲೇ ತೋರಿಸಿಬಿಡುವುದು ಒಳ್ಳೆಯದು. ಒಂದು ನಿಮಿಷ ಬಿಟ್ಟು ಎರಡನೇ ಸಲ ಅಳೆದು ಎರಡರ ಸರಾಸರಿ ಬರೆಯುತ್ತೇವೆ.

ಪಟ್ಟಿಯ ಅಳತೆಯನ್ನು ಹೆಚ್ಚಿನವರು ಲಕ್ಷ್ಯಕ್ಕೇ ತರುವುದಿಲ್ಲ. ತೋಳಿನ ಸುತ್ತಳತೆ 22ರಿಂದ 26 ಸೆಂ.ಮೀ. ಇದ್ದರೆ ಸಣ್ಣದು, 27ರಿಂದ 34ಕ್ಕೆ ಮಾಮೂಲಿ, 35ರ ಮೇಲೆ ದೊಡ್ಡದು. ದಪ್ಪ ತೋಳಿಗೆ ಸಣ್ಣ ಪಟ್ಟಿ ಕಟ್ಟಿದರೆ ಬಿಪಿ ಇಲ್ಲದವರಿಗೂ ಬಿಪಿ ತೋರಿಸುತ್ತದೆ. ಸಣಕಲು ತೋಳಿಗೆ ದೊಡ್ಡದು ಕಟ್ಟಿದರೆ ನಿಜವಾದ ಬಿಪಿಯೇ ಮುಚ್ಚಿಹೋಗುತ್ತದೆ. ಮೇಜಿಗೆ ದರ್ಜಿಯ ಟೇಪು ಕಟ್ಟಿಟ್ಟಿದ್ದೇವೆ. ಗಾರ್ಮೆಂಟ್ಸ್ ಅಕ್ಕಂದಿರೇ ಅದನ್ನು ಎತ್ತಿಕೊಂಡು ಒಬ್ಬರಿಗೊಬ್ಬರು ಅಳೆದು ಹೇಳುತ್ತಾರೆ, ನಮಗಿಂತ ಚುರುಕಾಗಿ.

140/90 ದಾಟಿದರೆ ಇನ್ನೊಂದು ದಿನ ಬಂದು ನೋಡಿಸಿಕೊಳ್ಳಲು ಹೇಳುತ್ತೇವೆ, ಆಗಲೂ ಹಾಗೇ ಇದ್ದರೆ ಡಾಕ್ಟರ ಹತ್ತಿರ. 180/120 ದಾಟಿ ಎದೆನೋವು, ಉಸಿರಾಟದ ತೊಂದರೆ, ಮಾತು ತೊದಲುವುದು, ಕಣ್ಣು ಮಂಜಾಗುವುದು ಇದ್ದರೆ ಕಾಯುವ ಮಾತೇ ಇಲ್ಲ, 108ಕ್ಕೆ ಕರೆ. ಮಾತ್ರೆ ಕೊಡುವುದಿಲ್ಲ, ಮಾತ್ರೆಯ ಹೆಸರೂ ಹೇಳುವುದಿಲ್ಲ.

ಶುಗರ್ ನೋಡುವ ಮುಂಚೆ ಸೋಪು ಹಾಕಿ ಕೈ ತೊಳೆಸಬೇಕು. ಬಾಳೆಹಣ್ಣು ಸುಲಿದ ಬೆರಳಿನಲ್ಲಿ ಅಂಕಿ ಸುಳ್ಳುಸುಳ್ಳೇ ಏರುತ್ತದೆ. ಸ್ಪಿರಿಟ್ ಹಚ್ಚಿದರೆ ಪೂರ್ತಿ ಒಣಗಲಿ. ಬೆರಳ ತುದಿಯ ನಡುವೆ ಅಲ್ಲ, ಪಕ್ಕಕ್ಕೆ ಚುಚ್ಚಬೇಕು, ಹೊಲಿಗೆ ಮಿಷನ್ ಮೇಲೆ ಕೂರುವವರಿಗೆ ಮರುದಿನ ನೋಯಬಾರದು. ಖಾಲಿ ಹೊಟ್ಟೆಯಲ್ಲಿ 126, ಊಟವಾದ ಯಾವುದೋ ಹೊತ್ತಿನಲ್ಲಿ 200 ಅಥವಾ ಮೇಲೆ ಬಂದರೆ ಲ್ಯಾಬ್ ಪರೀಕ್ಷೆಗೆ ಚೀಟಿ. 70ರ ಕೆಳಗೆ ಇದ್ದರೆ ಅಲ್ಲೇ ಮೂರು ಚಮಚ ಸಕ್ಕರೆ ನೀರಿಗೆ ಹಾಕಿ ಕುಡಿಸಿ, 15 ನಿಮಿಷ ಬಿಟ್ಟು ಮತ್ತೆ ನೋಡುವುದು. ಸೂಜಿ ಒಬ್ಬರಿಗೆ ಒಂದೇ. ಬಳಸಿದ್ದು ಚುಚ್ಚಿದರೂ ತೂತು ಬೀಳದ ಬಿಳಿ ಡಬ್ಬಿಗೆ, ರಕ್ತದ ಹತ್ತಿ ಹಳದಿ ಚೀಲಕ್ಕೆ. ಒಪ್ಪಂದ ಮಾಡಿಕೊಂಡ ಕ್ಲಿನಿಕ್ ಮೂಲಕ ವಿಲೇವಾರಿ. ಮನೆಕಸಕ್ಕೆ ಸೇರಿಸಿದರೆ ಪೌರಕಾರ್ಮಿಕರ ಕೈಗೆ ಚುಚ್ಚುತ್ತದೆ.

ಕಾಗದದ ಮೇಜು

ಹೆಚ್ಚು ಜನ ಬರುವುದು ಇಲ್ಲಿಗೆ, ಮತ್ತು ಸಭೆಯ ಮೇಲೆ ಓಣಿಗೆ ನಂಬಿಕೆ ಹುಟ್ಟಿದ್ದೂ ಇಲ್ಲಿಂದಲೇ. ತಿಂಗಳ ಸಂಬಳ 21,000 ರೂಪಾಯಿವರೆಗೆ ಇರುವ ಕೆಲಸಗಾರರಿಗೆ ಇಎಸ್‌ಐ (ನೌಕರರ ರಾಜ್ಯ ವಿಮೆ) ಅನ್ವಯಿಸುತ್ತದೆ. ಸಂಬಳದಿಂದ ಶೇ. 0.75, ಮಾಲೀಕರಿಂದ ಶೇ. 3.25. ಪೇ ಸ್ಲಿಪ್‌ನಲ್ಲಿ ಪ್ರತಿ ತಿಂಗಳೂ ಕಟ್ ಆಗುತ್ತಿದ್ದರೂ ಕಾಯಿಲೆ ಬಂದಾಗ ಬಡ್ಡಿಗೆ ಸಾಲ ಮಾಡಿ ಖಾಸಗಿ ಕ್ಲಿನಿಕ್ಕಿಗೆ ಹೋಗುವವರು ಎಷ್ಟೋ. ಮೇಜಿಗೆ ಬಂದವರ ಪೇ ಸ್ಲಿಪ್ ನೋಡಿ, ಇಎಸ್‌ಐ ನಂಬರಿಗೆ ಗುರುತು ಹಾಕಿ, ಇ-ಪೆಹಚಾನ್ ಎಂಬ ಇಎಸ್‌ಐ ಗುರುತಿನ ಕಾರ್ಡಿನ ಪ್ರಿಂಟ್ ತೆಗೆದು ಕೊಡುತ್ತೇವೆ. ಮನೆಯವರ ಹೆಸರು, ಫೋಟೊ ಸೇರಿಸಿಲ್ಲದಿದ್ದರೆ ಮಕ್ಕಳಿಗೆ ಚಿಕಿತ್ಸೆ ಸಿಗುವಾಗ ತಕರಾರು ಬರುತ್ತದೆ, ಆದ್ದರಿಂದ ಮೊದಲು ಅದು.

ಕಾಯಿಲೆ ರಜೆಗೆ ವರ್ಷಕ್ಕೆ 91 ದಿನಗಳವರೆಗೆ ಸಂಬಳದ ಶೇ. 70 ಸಿಗುತ್ತದೆ. ಅದಕ್ಕೆ ಆರು ತಿಂಗಳ ಕಂತಿನ ಅವಧಿಯಲ್ಲಿ 78 ದಿನಗಳ ವಂತಿಗೆ ಬೇಕು. ಏಪ್ರಿಲ್–ಸೆಪ್ಟೆಂಬರ್ ವಂತಿಗೆಯ ಫಲ ಮುಂದಿನ ಜನವರಿ–ಜೂನ್‌ನಲ್ಲಿ, ಅಕ್ಟೋಬರ್–ಮಾರ್ಚ್‌ನದು ಜುಲೈ–ಡಿಸೆಂಬರ್‌ನಲ್ಲಿ. ಈ ತಿಂಗಳುಗಳನ್ನು ಗೋಡೆಗೆ ದೊಡ್ಡದಾಗಿ ಬರೆದು ಅಂಟಿಸಿದ ಮೇಲೆ ಅದೇ ಪ್ರಶ್ನೆ ಮತ್ತೆ ಮತ್ತೆ ಬರುವುದು ನಿಂತಿತು. ಎರಡು ಮಕ್ಕಳವರೆಗೆ ಹೆರಿಗೆ ರಜೆ 26 ವಾರ.

ಪಿಎಫ್‌ನಲ್ಲಿ (ಭವಿಷ್ಯ ನಿಧಿ) ಕೆಲಸ ಕೆಡುವುದು ಹೆಸರಿನಿಂದ. ಆಧಾರಿನಲ್ಲಿ ಲಕ್ಷ್ಮಿ, ಕಾರ್ಖಾನೆ ಪುಸ್ತಕದಲ್ಲಿ ಲಕ್ಷ್ಮೀದೇವಿ, ಬ್ಯಾಂಕಿನಲ್ಲಿ ಗಂಡನ ಹೆಸರು ಸೇರಿಸಿ ಇನ್ನೊಂದು. ಮೂರನ್ನೂ ಒಂದು ಹಾಳೆಯಲ್ಲಿ ಪಕ್ಕಪಕ್ಕ ಬರೆದು, ಯಾವುದನ್ನು ಎಲ್ಲಿ ತಿದ್ದಬೇಕು ಎಂದು ಮೊದಲು ತೀರ್ಮಾನಿಸಬೇಕು. ಆಧಾರ್ ಸರಿಯಿದ್ದರೆ ಉಳಿದೆರಡನ್ನು ಅದಕ್ಕೆ ಹೊಂದಿಸುವುದು ಸುಲಭ. ಕೆಲಸ ಬಿಟ್ಟವರು ಪಿಎಫ್ ಹಣ ತೆಗೆಯುವ ಫಾರಂ 19ರ ಜೊತೆ ಫಾರಂ 10ಸಿಯನ್ನೂ ಹಾಕಿ ಪಿಂಚಣಿ ಹಣ ತೆಗೆದುಬಿಡುತ್ತಾರೆ, ಅಲ್ಲಿಗೆ ಹಿಂದಿನ ಸೇವಾ ವರ್ಷಗಳು ಅಳಿಸಿಹೋಗುತ್ತವೆ. ಪಿಂಚಣಿಗೆ 10 ವರ್ಷ ಬೇಕು. ಮತ್ತೆ ಬೇರೆ ಕಾರ್ಖಾನೆಗೆ ಸೇರುವವರು ಅದೇ 10ಸಿಯಲ್ಲಿ ಹಣದ ಬದಲು ಸ್ಕೀಮ್ ಸರ್ಟಿಫಿಕೇಟ್ ಕೇಳಬಹುದು. ಇದನ್ನು ಹೇಳಲು ಮೂರು ನಿಮಿಷ ಸಾಕು, ಹೇಳುವವರಿಲ್ಲದೆ ವರ್ಷಗಟ್ಟಲೆ ಸೇವೆ ಕಳೆದುಕೊಂಡವರಿದ್ದಾರೆ.

ಕಟ್ಟಡ ಕಾರ್ಮಿಕರ ಕಾರ್ಡಿಗೆ 18ರಿಂದ 60 ವಯಸ್ಸು, ಹಿಂದಿನ 12 ತಿಂಗಳಲ್ಲಿ 90 ದಿನ ಕೆಲಸದ ದಾಖಲೆ. ಸುಳ್ಳು ದಾಖಲೆಗೆ ಇಲ್ಲಿ ಯಾರೂ ಸಹಿ ಹಾಕುವುದಿಲ್ಲ ಎಂಬುದು ಎಲ್ಲರಿಗೂ ಗೊತ್ತು. ಒಟಿಪಿಯನ್ನು ಅವರೇ ಟೈಪ್ ಮಾಡಬೇಕು, ಪಾಸ್‌ವರ್ಡ್ ನಮ್ಮ ಪುಸ್ತಕಕ್ಕೆ ಬರಬಾರದು, ಆಧಾರ್ ಪ್ರತಿ ಇಟ್ಟುಕೊಳ್ಳುವಂತಿಲ್ಲ.

ಸಂಜೆ ಪಾಠ

ಇನ್ನೂ ಎಳೆಯದು. ತರಗತಿ ನೋಡಿ ಕೂರಿಸದೆ ಓದು ನೋಡಿ ಕೂರಿಸುತ್ತೇವೆ: ಅಕ್ಷರ, ಪದ, ವಾಕ್ಯ, ಕಥೆ. ಐದನೇ ತರಗತಿಯ ಮಕ್ಕಳೂ ಒತ್ತಕ್ಷರದಲ್ಲಿ ನಿಂತುಬಿಡುತ್ತಾರೆ. ಅಜ್ಜ, ಕತ್ತೆ, ಬೆಕ್ಕು ಎಂದು ಅದದೇ ಅಕ್ಷರದ ಒತ್ತು ಮೊದಲು, ಪುಸ್ತಕ, ಚಂದ್ರ ಆಮೇಲೆ, ಸೂರ್ಯದ ಅರ್ಕಾವತ್ತು ಕೊನೆಗೆ. ಕೋಣೆಯಲ್ಲಿ ಯಾವಾಗಲೂ ಇಬ್ಬರು ದೊಡ್ಡವರು, ಬಾಗಿಲು ತೆರೆದೇ, ಮಕ್ಕಳ ಸಹಾಯವಾಣಿ 1098 ಗೋಡೆಯ ಮೇಲೆ. ಇಲ್ಲಿ ಬೈಬಲ್ ಪಾಠ ಇಲ್ಲ. ಭಾನುವಾರ ಶಾಲೆ ಬೇರೆ, ಅದಕ್ಕೆ ತಂದೆತಾಯಿಯ ಒಪ್ಪಿಗೆ ಬೇಕು.

ನಿಲ್ಲಿಸಿದ್ದು: ರೇಷನ್ ಕಿಟ್ ಹಂಚಿಕೆ. ಪಟ್ಟಿಯಲ್ಲಿ ಯಾರ ಹೆಸರು ಇತ್ತು, ಯಾರದು ಬಿಟ್ಟುಹೋಯಿತು ಎಂಬ ಮಾತು ಓಣಿಯನ್ನೇ ಒಡೆಯುತ್ತದೆ. ಬೈಬಲಿನ ಅಪೊಸ್ತಲರ ಕೃತ್ಯಗಳ 6ನೇ ಅಧ್ಯಾಯದಲ್ಲಿ ವಿಧವೆಯರ ಹಂಚಿಕೆಗೆ ಬಂದ ಗುಣುಗುಟ್ಟುವಿಕೆ ಇದೇ. ಅಲ್ಲಿ ಏಳು ಮಂದಿಯನ್ನು ಆರಿಸಿ ಹೊಣೆ ಕೊಟ್ಟರು. ಅಂಥ ಹೊಣೆಗಾರರು ಸಿದ್ಧರಾಗುವವರೆಗೆ ಕಿಟ್ ಬೇಡ.

ಸಭೆ ಬೆಳೆದಿದೆಯೇ? ಮೇಜಿಗೆ ಬಂದವರ ಲೆಕ್ಕವನ್ನು ಸಭೆಯ ಲೆಕ್ಕಕ್ಕೆ ಸೇರಿಸುವುದಿಲ್ಲ. ನೋಡುವುದು ಬೇರೆ ಒಂದನ್ನು: ಕಾಗದ ತಂದವರಲ್ಲಿ ಎಷ್ಟು ಮಂದಿ ಮುಂದಿನ ಸಲ ಪಕ್ಕದ ಮನೆಯವರ ಕಾಗದ ಓದಿ ಹೇಳಲು ಕೂತರು. ಅವರಲ್ಲಿ ಕೆಲವರು ಸಭೆಯವರಲ್ಲ, ಆಗಬೇಕೆಂದೂ ಇಲ್ಲ. ಮೇಜಿನಲ್ಲಿ ಅವರಿಗೆ ಸಮಾನ ಜಾಗ. ಆರಾಧನೆಗೆ ಬರತೊಡಗಿದವರು ಹೆಚ್ಚಾಗಿ ಈ ದಾರಿಯಲ್ಲೇ ಬಂದವರು, ತಾವಾಗಿಯೇ ಕೇಳಿ. ಮನೆಯಲ್ಲಿ ಸೇರುವ ಪ್ರಾರ್ಥನೆಯ ಕೂಟ ಹತ್ತು ಮಂದಿ ದಾಟಿದರೆ ಎರಡು ಮಾಡುತ್ತೇವೆ, ಮನೆ ಓನರ್ ಒಪ್ಪಿದ ಮೇಲೆಯೇ. ಮೈಕು ಬಳಸುವುದಿಲ್ಲ. ಕಾಣಿಕೆಯನ್ನು ಇಬ್ಬರು ಕೂತು ಎಣಿಸಿ ಸಹಿ ಹಾಕುತ್ತಾರೆ, ಸೇವೆಯ ಪುಸ್ತಕ ಬೇರೆ, ಖರ್ಚು ತಿಂಗಳ ಕೊನೆಗೆ ಗೋಡೆಗೆ.

ಮುಂದಿನ ಕೆಲಸ: ಬಿಪಿ ಯಂತ್ರಕ್ಕೆ ಇನ್ನೊಂದು ದೊಡ್ಡ ಪಟ್ಟಿ ಕೊಳ್ಳುವುದು, ಪಿಎಫ್ ಹೆಸರು ತಿದ್ದುವ ಹಾಳೆಯನ್ನು ಕನ್ನಡದಲ್ಲಿ ಮುದ್ರಿಸುವುದು, ಕಾಗದದ ಮೇಜಿಗೆ ರಾತ್ರಿ ಪಾಳಿಯವರಿಗಾಗಿ ಬುಧವಾರ ಬೆಳಿಗ್ಗೆ ಒಂದು ಗಂಟೆಯ ಹೊತ್ತು ಸೇರಿಸುವುದು.