ಬರೆಯುವುದನ್ನೇನು ಶೂಟ್ ಮಾಡುವುದು?

2024ರ ಜುಲೈ 1ಕ್ಕೆ ಐಪಿಸಿ, ಸಿಆರ್‌ಪಿಸಿ, ಸಾಕ್ಷ್ಯ ಕಾಯ್ದೆಗಳ ಜಾಗಕ್ಕೆ ಹೊಸ ಮೂರು ಕಾನೂನು ಜಾರಿಗೆ ಬರುವ ಹೊತ್ತಿಗೆ ಪೊಲೀಸರಾದ ನಮಗೆಲ್ಲ ತರಗತಿ ಇಟ್ಟಿದ್ದರು. ಪಿಪಿಟಿಯಲ್ಲಿ ಎಡಕ್ಕೆ ಹಳೇ ಸೆಕ್ಷನ್, ಬಲಕ್ಕೆ ಹೊಸದು. ಕೊಲೆ 302 ಹೋಗಿ 103, ವಂಚನೆ 420 ಹೋಗಿ 318, ಸಾಕ್ಷಿ ಹೇಳಿಕೆ 161 ಹೋಗಿ 180. ಇನ್ನು ಮೇಲೆ 302 ಅಂದರೆ ಧಾರ್ಮಿಕ ಭಾವನೆ ನೋಯಿಸುವ ಮಾತು ಅಂದಾಗ ಹಾಲ್ ಪೂರ್ತಿ ನಗೆ. ಊಟ ಆದ ಮೇಲೆ ಅರ್ಧ ಜನ ಬಂದೋಬಸ್ತಿಗೆ ಹೋದರು, ಉಳಿದವರು ತೂಕಡಿಸಿದರು. ಕೊನೆಗೊಂದು ಪರೀಕ್ಷೆ. ನನಗೆ ಒಳ್ಳೇ ಮಾರ್ಕೇ ಬಂತು.

ಆ ಮಾರ್ಕಿನ ಬೆಲೆ ಗೊತ್ತಾದದ್ದು ಅಡಿಕೆ ಕೇಸಿನಲ್ಲಿ.

ಕೇರಳದ ಕಾಸರಗೋಡು ಜಿಲ್ಲೆಯ ಪೆರ್ಲದಿಂದ ಆಚೆ, ಇನ್ನೇನು ಕರ್ನಾಟಕ ಅನ್ನುವಲ್ಲಿ, ಗುಡ್ಡದ ಬದಿಗೆ ಒಂದು ಶೆಡ್. ಕದ್ದ ಚಾಲಿ, ಅಂದರೆ ಒಣಗಿಸಿದ ಅಡಿಕೆ, ಅಲ್ಲಿದೆ ಅಂತ ಮಾಹಿತಿ. ಎಸ್‌ಐ, ನಾನು, ಡ್ರೈವರ್, ಮತ್ತೆ ತ್ರಿಶೂರಿನ ಅಕಾಡೆಮಿ ಮುಗಿಸಿ ಆಗಷ್ಟೇ ಸ್ಟೇಷನ್ನಿಗೆ ಬಂದಿದ್ದ ಒಬ್ಬ ಸಿಪಿಒ, ಅಂದರೆ ಕಾನ್‌ಸ್ಟೇಬಲ್. ಹುಡುಗ ತೆಂಕಣ ಕೇರಳದವನು, ಕನ್ನಡವೂ ಬಾರದು, ತುಳುವೂ ಬಾರದು. ಫೋನು ನನ್ನದು, ಹಿಡಿದವನು ಅವನು. ಶೋಧ, ಜಪ್ತಿ ಎಲ್ಲ ರೆಕಾರ್ಡ್ ಆಗಬೇಕು, ಮೊಬೈಲಿನಲ್ಲಾದರೆ ಒಳ್ಳೆಯದು ಅನ್ನುತ್ತದೆ ಸಿಆರ್‌ಪಿಸಿಯ ಜಾಗಕ್ಕೆ ಬಂದ ಬಿಎನ್‌ಎಸ್‌ಎಸ್ 105. ಯಾರ ಮೊಬೈಲು, ಯಾರ ಡೇಟಾ ಅಂತ ಮಾತ್ರ ಅದು ಹೇಳುವುದಿಲ್ಲ.

ಟಾರ್ಪಾಲು ಎಳೆದಾಗ ನಾಲ್ಕು ಗೋಣಿ ಕಂಡವು. ನಾನು ಮಹಜರು ಬರೆಯಲು ಕೂತೆ. ಬ್ಯಾಟರಿ ಕೆಂಪಾಗಿತ್ತು.

“ಬರೆಯುವುದನ್ನೇನು ಶೂಟ್ ಮಾಡುವುದು? ಆಫ್ ಮಾಡು” ಅಂದೆ.

“ಸಾರ್, ಲಿಸ್ಟ್ ಕೂಡ...” ಅಂದ ಹುಡುಗ. ನಾನು ಕಣ್ಣು ಬಿಟ್ಟೆ. ಆಫ್ ಮಾಡಿದ.

ಅಷ್ಟರಲ್ಲಿ ಡ್ರೈವರ್ ಮೂಲೆಯಿಂದ ಇನ್ನೊಂದು ಗೋಣಿ ಎಳೆದು ತಂದ. ಸರಿ, ಐದು ಅಂತ ಬರೆದೆ. ಆಗಲೇ ಮನೆಯವರ ಮಗ ಬೈಕಿನಲ್ಲಿ ಬಂದಿಳಿದ. ಎಲ್ಲ ನೋಡಿ, ನೇರ ಐದನೇ ಗೋಣಿಗೇ ಬೆರಳು ತೋರಿಸಿದ.

“ಇದು ಇಲ್ಲಿ ಇರಲೇ ಇಲ್ಲ. ನೀವು ಜೀಪಿನಿಂದ ತಂದಿಟ್ಟದ್ದು. ವಿಡಿಯೋ ಮಾಡಿದ್ದೀರಲ್ಲ, ತೋರಿಸಿ ನೋಡುವ.”

ಯಾರೂ ಮಾತಾಡಲಿಲ್ಲ. ಸಾಕ್ಷಿಗೆ ಬಂದ ಅಂಗಡಿಯವರು “ನಾನು ಆಗ ನೀರು ಕುಡಿಯಲಿಕ್ಕೆ ಹೋಗಿದ್ದೆನಪ್ಪ” ಅಂತ ಮೆಲ್ಲಗೆ ಜಾರಿದರು. ಅಡಿಕೆ ಕೊಯ್ಯುವ ಇನ್ನೊಬ್ಬ ಸಾಕ್ಷಿ ಮಾತ್ರ ತಾನು ಕಂಡದ್ದು ಹೌದು ಅಂದ. ಅಂಗಳದಲ್ಲಿ ಜನ ಸೇರತೊಡಗಿದರು. ಕೆಲವರ ಫೋನು ನಮ್ಮ ಕಡೆಗೇ ತಿರುಗಿತ್ತು, ಅವುಗಳಲ್ಲಿ ಚಾರ್ಜಿಗೇನೂ ಬರ ಇರಲಿಲ್ಲ. ಎಸ್‌ಐ ನನ್ನ ಮುಖ ನೋಡಿದರು, ನಾನು ಮಹಜರು ನೋಡಿದೆ. ಇಷ್ಟು ವರ್ಷದ ಸರ್ವೀಸಿನಲ್ಲಿ ಒಂದು ಗೋಣಿಯ ಎದುರು ಹೀಗೆ ನಿಂತದ್ದಿಲ್ಲ.

ಪುಣ್ಯಕ್ಕೆ ಎಸ್‌ಐ ದಬಾಯಿಸಲು ಹೋಗಲಿಲ್ಲ. ಪವರ್ ಬ್ಯಾಂಕ್ ಸಿಕ್ಕಿಸಿ ಮತ್ತೆ ರೆಕಾರ್ಡಿಂಗ್ ಹಾಕಿಸಿದರು. ಎಷ್ಟು ಗಂಟೆಗೆ ನಿಂತಿತು, ಯಾಕೆ ನಿಂತಿತು, ಐದನೇ ಗೋಣಿಯನ್ನು ಎಲ್ಲಿಂದ ಯಾರು ತೆಗೆದದ್ದು, ಎಲ್ಲ ಕ್ಯಾಮೆರಾ ಎದುರು ಬಾಯಿಬಿಟ್ಟು ಹೇಳಿಸಿದರು. ಮನೆಯವರ ಮಗನ ತಕರಾರನ್ನೂ ಮಹಜರಿನಲ್ಲಿ ಬರೆಸಿದರು. ಐದೂ ಗೋಣಿ ಮತ್ತೆ ತೂಕಕ್ಕೆ. ಅಷ್ಟಾದ ಮೇಲೆ ಅಂಗಡಿಯವರದ್ದು ಹೊಸ ಹಟ: “ಮಲೆಯಾಳದಲ್ಲಿ ಬರೆದದ್ದು ನನಗೆ ಓದಲಿಕ್ಕೆ ಬರುವುದಿಲ್ಲ, ಹೇಗೆ ಸೈನು ಹಾಕುವುದು?” ಕೇಳಿದ್ದು ನ್ಯಾಯವೇ. ಕಾಸರಗೋಡಿನಲ್ಲಿ ಕೆಲಸ ಮಾಡುವ ನಮಗೆ ಇದು ನಿತ್ಯದ್ದು, ಆದರೆ ಯಾವ ತರಗತಿಯಲ್ಲೂ ಇದರ ಸುದ್ದಿ ಇಲ್ಲ. ಸಾಲು ಸಾಲಾಗಿ ಕನ್ನಡದಲ್ಲಿ ಓದಿ ಹೇಳಿದೆ, ಅದೂ ರೆಕಾರ್ಡ್ ಆಯಿತು. ಈಗ ಎಲ್ಲಿ ಹೋದರೂ ಹಾಗೆಯೇ ಮಾಡುತ್ತೇನೆ.

ವಾಪಸ್ ಬರುವಾಗ ಜೀಪಿನಲ್ಲಿ ಹುಡುಗನನ್ನು ಕೇಳಿದೆ, ನಿನಗೆ ಹೇಗೆ ಗೊತ್ತಿತ್ತು ಅಂತ. ಅವನ ಬ್ಯಾಚಿಗೆ ಒಂದು ಕೋಣೆಯಲ್ಲಿ ಅಣಕು ಶೋಧ ಮಾಡಿಸಿದ್ದರಂತೆ. ಪಟ್ಟಿ ಬರೆಯುವಾಗ ಫೋನು ಇಳಿಸಿದವನಿಗೆ ಎಲ್ಲರೆದುರು ಬೈಗುಳ ಬಿದ್ದಿತ್ತಂತೆ. 105ರಲ್ಲಿ ಪಟ್ಟಿ ಮಾಡುವುದೂ ಸಾಕ್ಷಿಗಳು ಸಹಿ ಹಾಕುವುದೂ ಸೇರಿಯೇ ಇದೆ. ನಂಬರು ನನಗೆ ಬಾಯಿಪಾಠ, ವಾಕ್ಯ ಅವನಿಗೆ ಗೊತ್ತು.

ಪಿಪಿಟಿಯಲ್ಲಿ ಬಾರದ ಇನ್ನೊಂದು ವಿಷಯ ಇದೆ. ವಿಡಿಯೋ ಕೋರ್ಟಿಗೆ ಕೊಡುವಾಗ, ಹೊಸ ಸಾಕ್ಷ್ಯ ಕಾನೂನಾದ ಬಿಎಸ್‌ಎ 63ರ ಸರ್ಟಿಫಿಕೇಟಿನಲ್ಲಿ ಫೋನಿನ ಮೇಕ್, ಮಾಡೆಲ್, ಐಎಂಇಐ, ವಿಡಿಯೋ ಫೈಲಿನ ಬೆರಳಚ್ಚಿನಂಥ ಹ್ಯಾಶ್ ವ್ಯಾಲ್ಯೂ ಎಲ್ಲ ತುಂಬಬೇಕು. ಈಗ ನನ್ನ ಫೋನಿನ ಜಾತಕ ಕೇಸ್ ಫೈಲಿನಲ್ಲಿದೆ. ಎಕ್ಸ್‌ಚೇಂಜಿಗೆ ಕೊಡಲು ಧೈರ್ಯ ಸಾಲದು. ವಿಚಾರಣೆ ಯಾವಾಗಲೋ, ವಕೀಲರು ಏನು ಕೇಳುತ್ತಾರೋ.

ಈಗ ಪುರುಸೊತ್ತು ಸಿಕ್ಕಾಗ ರೆಸ್ಟ್‌ರೂಮಿನಲ್ಲಿ ನಾವೇ ಅಣಕು ಶೋಧ ಮಾಡುತ್ತೇವೆ. ತೊಂಡಿ, ಅಂದರೆ ಜಪ್ತಿ ಮಾಲು, ಯಾರದ್ದೋ ಹೆಲ್ಮೆಟ್, ಸಾಕ್ಷಿಗಳು ಚಾ ತರುವವನು ಮತ್ತು ಪಾರಾ (ಕಾವಲು) ಡ್ಯೂಟಿಯವರು. ಫೋನು ಹಿಡಿಯುವುದು ಸೀನಿಯರ್‌ಗಳು, ತಪ್ಪು ಹುಡುಕುವುದು ಆ ಹುಡುಗ. ಮೊದಲು ನಕ್ಕವರೂ ಈಗ ಬರುತ್ತಾರೆ.

ಮೇಲಿನಿಂದ ಹೊಸ ತರಬೇತಿಯ ಸರ್ಕ್ಯುಲರೂ ಬಂದಿದೆ. ಈ ಸಲ ಆನ್‌ಲೈನ್ ಅಂತೆ. ವಿಡಿಯೋ ಓಡಲು ಬಿಟ್ಟು ಜಿಡಿ (ಸ್ಟೇಷನ್ ಡೈರಿ) ಬರೆಯುತ್ತಾ ಕೂತರೂ ಸರ್ಟಿಫಿಕೇಟ್ ಬರುತ್ತದೆ ಅಂತ ಸ್ಟೇಷನ್ನಿನ ರೈಟರ್ ಆಗಲೇ ಕಂಡುಹಿಡಿದಾಗಿದೆ.