ಮೂರು ಪಂದ್ಯಗಳ ಲೆಕ್ಕ

ಬಂಗಾರಪೇಟೆ ತಾಲ್ಲೂಕಿನ ಒಂದು ಸರ್ಕಾರಿ ಪ್ರೌಢಶಾಲೆಯಲ್ಲಿ ನಾನು ದೈಹಿಕ ಶಿಕ್ಷಣ ಶಿಕ್ಷಕ. ನಮ್ಮ ಮೈದಾನವೆಂದರೆ ರಾಗಿ ಹೊಲಕ್ಕೂ ನೀಲಗಿರಿ ತೋಪಿಗೂ ನಡುವೆ ಉಳಿದುಕೊಂಡಿರುವ ಕೆಂಪು ಮಣ್ಣಿನ ಜಾಗ. ಗೋಲಿನ ಕಂಬಗಳೂ ಅದೇ ತೋಪಿನ ನೀಲಗಿರಿಯವು. ಕಳೆದ ತಿಂಗಳು ಒಂದು ಸಂಜೆ ಅಭ್ಯಾಸ ಮುಗಿದು ಮಕ್ಕಳು ಚೆಂಡುಗಳನ್ನು ಚೀಲಕ್ಕೆ ತುಂಬುತ್ತಿದ್ದಾಗ, ನಮ್ಮ ಹುಡುಗಿಯರ ಫುಟ್‌ಬಾಲ್ ತಂಡದಲ್ಲಿ ಫಾರ್ವರ್ಡ್ ಆಡುವ ಒಂಬತ್ತನೇ ತರಗತಿಯವಳು ಹತ್ತಿರ ಬಂದು ಕೇಳಿದಳು: "ಸಾರ್, ಛೆಟ್ರಿ ಫಾರಿನ್ನಿಗೆ ಹೋಗಿ ಮೂರೇ ಮ್ಯಾಚ್ ಆಡಿ ವಾಪಸ್ ಬಂದ್ಬಿಟ್ರಂತೆ, ನಿಜವಾ? ಹುಡುಗ್ರು ಹೇಳ್ತಾವ್ರೆ."

ನಿಜ ಎಂದೆ. ಅಷ್ಟರಲ್ಲಿ ಅವಳ ಊರಿನ ಬಸ್ಸಿನ ಹೊತ್ತಾಗಿ ಮಾತು ಅಲ್ಲಿಗೇ ನಿಂತಿತು. ಆದರೆ ಆ 'ಮೂರೇ' ಎಂಬ ಮಾತು ನನ್ನನ್ನು ಬಿಡಲಿಲ್ಲ. ದೇಶದ ಪರ 95 ಗೋಲು ಹೊಡೆದ ಸುನಿಲ್ ಛೆಟ್ರಿಯಂಥ ಫುಟ್‌ಬಾಲ್ ಆಟಗಾರರೊಬ್ಬರು ವಿದೇಶದಲ್ಲಿ ಕಳೆದ ದಿನಗಳನ್ನು ನಾವೆಲ್ಲ ಒಂದೇ ಉಸಿರಿನಲ್ಲಿ ಹೇಳಿ ಮುಗಿಸುತ್ತೇವೆ: ಹೋದರು, ಆಡಲಾಗಲಿಲ್ಲ, ಬಂದರು. ಇದು ಅನ್ಯಾಯವೆಂದೇ ನನ್ನ ಭಾವನೆ. ಆ ಮಗುವಿಗೆ ಅಂದು ಹೇಳಲಾಗದೆ ಹೋದದ್ದನ್ನು ಇಲ್ಲಿ ಸಾವಧಾನವಾಗಿ ಬರೆಯುತ್ತಿದ್ದೇನೆ.

ಸುನಿಲ್ ಛೆಟ್ರಿ 2002ರಲ್ಲಿ ಕೋಲ್ಕತ್ತದ ಮೋಹನ್ ಬಾಗಾನ್ ಸೇರಿದಾಗ ಅವರಿಗೆ ಇನ್ನೂ 18 ವರ್ಷ. ಮೂರು ವರ್ಷಗಳ ಬಳಿಕ, 2005ರ ಜೂನ್ 12ರಂದು, ಕ್ವೆಟ್ಟಾದಲ್ಲಿ ಪಾಕಿಸ್ತಾನದ ವಿರುದ್ಧ ಭಾರತದ ಪರ ಮೊದಲ ಪಂದ್ಯ ಆಡಿದರು, ಅದೇ ಪಂದ್ಯದಲ್ಲಿ ಗೋಲನ್ನೂ ಹೊಡೆದರು. 2008ರ ಎಎಫ್‌ಸಿ ಚಾಲೆಂಜ್ ಕಪ್ ಫೈನಲ್‌ನಲ್ಲಿ ತಜಿಕಿಸ್ತಾನದ ವಿರುದ್ಧ ಹ್ಯಾಟ್ರಿಕ್ ಸಾಧಿಸಿದ ಮೇಲೆ, ಹೊರದೇಶದ ಕ್ಲಬ್ಬುಗಳ ಬಾಗಿಲು ತಟ್ಟಲು ಅವರಿಗೆ ಎಲ್ಲ ಅರ್ಹತೆಯೂ ಇತ್ತು. 2009ರಲ್ಲಿ ಲಂಡನ್ನಿನ ಕ್ವೀನ್ಸ್ ಪಾರ್ಕ್ ರೇಂಜರ್ಸ್ ಕ್ಲಬ್ ಅವರೊಂದಿಗೆ ಮೂರು ವರ್ಷಗಳ ಒಪ್ಪಂದವನ್ನೇ ಮಾಡಿಕೊಂಡಿತು. ಆದರೆ ಬ್ರಿಟನ್ನಿನಲ್ಲಿ ಕೆಲಸದ ಪರವಾನಗಿ ಸಿಗಬೇಕಾದರೆ ಆಟಗಾರನ ದೇಶ ವಿಶ್ವ ಫುಟ್‌ಬಾಲ್ ಸಂಸ್ಥೆ ಫಿಫಾದ ಶ್ರೇಯಾಂಕ ಪಟ್ಟಿಯ ಮೊದಲ 70ರೊಳಗೆ ಇರಬೇಕಿತ್ತು. ಭಾರತ ಆಗ ನೂರರ ಆಚೆ ಎಲ್ಲೋ ಇತ್ತು. ಪರವಾನಗಿ ಸಿಗಲಿಲ್ಲ, ಒಪ್ಪಂದ ಅಲ್ಲಿಗೇ ಬಿದ್ದುಹೋಯಿತು.

ಈ ಸಂಗತಿಯನ್ನು ಮಕ್ಕಳಿಗೆ ಹೇಳುವಾಗಲೆಲ್ಲ ನನ್ನ ಧ್ವನಿ ಏರುತ್ತದೆ. ಒಬ್ಬ ಆಟಗಾರ ಎಷ್ಟು ಬೆವರು ಹರಿಸಿದರೂ, ಅವನ ಬೆನ್ನಿಗೆ ಇಡೀ ದೇಶದ ಫುಟ್‌ಬಾಲಿನ ದರ್ಜೆ ಕಟ್ಟಿಕೊಂಡಿರುತ್ತದೆ. ಸಾಧಾರಣ ಆಟವಾಡುವ, ಆದರೆ ಮುಂದಿರುವ ದೇಶದಲ್ಲಿ ಹುಟ್ಟಿದ ಇನ್ನೊಬ್ಬನಿಗೆ ಆ ಭಾರ ಇರುವುದಿಲ್ಲ. ನಮ್ಮ ಫಾರ್ವರ್ಡ್‌ಗಳು ಯುರೋಪಿನಲ್ಲಿ ಯಾಕಿಲ್ಲ ಎಂದು ಕೇಳುವವರು ಮೊದಲು ಈ ನಿಯಮವನ್ನು ತಿಳಿಯಬೇಕು.

ಮರುವರ್ಷ, 2010ರಲ್ಲಿ, ಅವರು ಅಮೆರಿಕದ ಕಾನ್ಸಾಸ್ ಸಿಟಿ ವಿಝರ್ಡ್ಸ್ ತಂಡಕ್ಕೆ ಹೋದರು. ಲೀಗ್ ಪಂದ್ಯಗಳಲ್ಲಿ ಒಮ್ಮೆಯೂ ಅವಕಾಶ ಸಿಗಲಿಲ್ಲ. ಯು.ಎಸ್. ಓಪನ್ ಕಪ್‌ನ ಅರ್ಹತಾ ಪಂದ್ಯದಲ್ಲಿ ಕೊಲರಾಡೊ ರ‍್ಯಾಪಿಡ್ಸ್ ವಿರುದ್ಧ ಆಡಿದರು. ಜುಲೈನಲ್ಲಿ ಮ್ಯಾಂಚೆಸ್ಟರ್ ಯುನೈಟೆಡ್ ಅಲ್ಲಿಗೆ ಪ್ರವಾಸ ಬಂದಾಗ ನಡೆದ ಸೌಹಾರ್ದ ಪಂದ್ಯದಲ್ಲಿ ಬದಲಿ ಆಟಗಾರನಾಗಿ ಮೈದಾನಕ್ಕಿಳಿದರು. ಆ ಪಂದ್ಯವನ್ನು ಕಾನ್ಸಾಸ್ 2-1ರಿಂದ ಗೆದ್ದಿತು. ದಾಖಲೆಯ ಪುಸ್ತಕದಲ್ಲಿ ಇಷ್ಟೇ ಕಾಣುತ್ತದೆ. ಆದರೆ 2011ರ ಜನವರಿಯಲ್ಲಿ ದೋಹಾದಲ್ಲಿ ನಡೆದ ಏಷ್ಯನ್ ಕಪ್ ನೋಡಿ. ಭಾರತ ಮೂರೂ ಪಂದ್ಯಗಳನ್ನು ಸೋತಿತು. ಆ ಸೋಲುಗಳ ನಡುವೆಯೇ ಛೆಟ್ರಿ ಬಹರೇನ್ ವಿರುದ್ಧ ಒಂದು, ದಕ್ಷಿಣ ಕೊರಿಯಾ ವಿರುದ್ಧ ಒಂದು ಗೋಲು ಹೊಡೆದರು. ಅಮೆರಿಕದಲ್ಲಿ ಬೆಂಚಿನ ಮೇಲೆ ಕುಳಿತ ತಿಂಗಳುಗಳು ಅವರ ಆಟವನ್ನು ಮೊಂಡಾಗಿಸಿದ್ದರೆ, ಏಷ್ಯಾದ ಅಷ್ಟು ದೊಡ್ಡ ವೇದಿಕೆಯಲ್ಲಿ ಇದು ಸಾಧ್ಯವಾಗುತ್ತಿರಲಿಲ್ಲ ಎಂಬುದು ನನ್ನ ನಂಬಿಕೆ.

ಹುಡುಗರು ಹಂಗಿಸುವ ಆ ಮೂರು ಪಂದ್ಯಗಳು ಪೋರ್ಚುಗಲ್‌ನವು. 2012ರ ಜುಲೈನಲ್ಲಿ ಸ್ಪೋರ್ಟಿಂಗ್ ಲಿಸ್ಬನ್ ಕ್ಲಬ್ ಛೆಟ್ರಿಯವರನ್ನು ಎರಡು ವರ್ಷಗಳ ಒಪ್ಪಂದಕ್ಕೆ ಸೇರಿಸಿಕೊಂಡಿತು, ಆಡಲು ಕಳಿಸಿದ್ದು ಮಾತ್ರ ತನ್ನ ಬಿ ತಂಡಕ್ಕೆ. ದೊಡ್ಡ ಕ್ಲಬ್ಬುಗಳ ಬಿ ತಂಡಗಳು ಪೋರ್ಚುಗಲ್‌ನ ಎರಡನೇ ದರ್ಜೆಯ ಲೀಗಿಗೆ ಮರಳಿ ಬಂದದ್ದು ಅದೇ ಋತುವಿನಲ್ಲಿ. ಎಳೆಯ ಹುಡುಗರನ್ನು ಪಳಗಿಸಿ ಮೇಲಿನ ತಂಡಕ್ಕೆ ಕಳಿಸುವುದೇ ಅಂಥ ತಂಡದ ಕೆಲಸ. ಅಂದಿನ ಆ ತಂಡದಲ್ಲಿ 18ರ ಎರಿಕ್ ಡಯರ್ ಇದ್ದರು, 19ರ ಜುವಾವ್ ಮಾರಿಯೊ ಇದ್ದರು. ಮುಂದೆ ಡಯರ್ ಇಂಗ್ಲೆಂಡ್ ಪರ ವಿಶ್ವಕಪ್ ಆಡಿದರು. ಮಾರಿಯೊ 2016ರಲ್ಲಿ ಯುರೋ ಕಪ್ ಗೆದ್ದ ಪೋರ್ಚುಗಲ್ ತಂಡದಲ್ಲಿದ್ದರು. ಛೆಟ್ರಿಗೆ ಆಗ 28 ತುಂಬುತ್ತಿತ್ತು. ಅಂಥ ಹುಡುಗರ ಸಾಲಿನಲ್ಲಿ, ತಾನೊಬ್ಬ ದೇಶದ ನಾಯಕ ಎಂಬುದನ್ನು ಬದಿಗಿಟ್ಟು, ದಿನವೂ ಬೆಳಿಗ್ಗೆ ಅಭ್ಯಾಸಕ್ಕೆ ನಿಲ್ಲುವುದು ಎಷ್ಟು ಕಷ್ಟವೆಂದು ಯೋಚಿಸಿದ್ದೇನೆ. ಆ ಮಟ್ಟಕ್ಕೆ ತಾವು ಸಾಲಲಿಲ್ಲವೆಂದು ಅವರು ಮುಚ್ಚುಮರೆಯಿಲ್ಲದೆ ಒಪ್ಪಿಕೊಂಡಿದ್ದಾರೆ. ಆ ಪ್ರಾಮಾಣಿಕತೆಯೇ ಅವರ ಮೇಲಿನ ನನ್ನ ಗೌರವವನ್ನು ಹೆಚ್ಚಿಸಿತು.

ಫಾರ್ವರ್ಡ್ ಆದವನಿಗೆ ಹೊಸ ದೇಶ ಯಾಕೆ ಇಷ್ಟು ಕಠಿಣ ಎಂಬುದನ್ನು ಮೈದಾನದ ಮಾತಿನಲ್ಲೇ ಹೇಳುತ್ತೇನೆ. ನಮ್ಮ ಕೆಂಪು ಮಣ್ಣಿನಲ್ಲಿ ಚೆಂಡು ಪುಟಿದು ಮೇಲೇಳುತ್ತದೆ. ಮಕ್ಕಳು ಎರಡನೇ ಪುಟಿತಕ್ಕೆ ಕಾದು ಒದೆಯುವುದನ್ನು ಅಭ್ಯಾಸ ಮಾಡಿಕೊಂಡಿರುತ್ತಾರೆ. ನೀರುಣಿಸಿದ ಹುಲ್ಲಿನ ಮೇಲೆ ಅದೇ ಚೆಂಡು ಪುಟಿಯದೆ ಜಾರಿಕೊಂಡು ಓಡುತ್ತದೆ, ಕಾಲಿಗೆ ಬರುವ ಹೊತ್ತು ಒಂದು ಕ್ಷಣ ಮುಂಚಿತವಾಗುತ್ತದೆ. ಎದುರಿನ ಡಿಫೆಂಡರ್ ಕೂಡ ಅದೇ ಒಂದು ಕ್ಷಣ ಮುಂಚಿತವಾಗಿ ಬಂದು ನಿಂತಿರುತ್ತಾನೆ. ಅದಕ್ಕಿಂತ ದೊಡ್ಡ ತೊಡಕು ಇನ್ನೊಂದಿದೆ. ಗೋಲ್‌ಕೀಪರ್ ತನ್ನ ಕೈಯನ್ನು ನಂಬಿ ಆಡಬಹುದು, ಹಿಂದಿನ ಸಾಲಿನವನು ತನ್ನ ಮೈಕಟ್ಟನ್ನು ನಂಬಬಹುದು. ಆದರೆ ಮುಂದೆ ಆಡುವವನು ಇನ್ನೊಬ್ಬರು ಕೊಡುವ ಚೆಂಡನ್ನು ನಂಬಿ ಓಡಬೇಕು. ಯಾವ ಮಿಡ್‌ಫೀಲ್ಡರ್ ತಲೆಯೆತ್ತಿದ ಕೂಡಲೇ ಚೆಂಡು ಬಿಡುತ್ತಾನೆ, ಯಾವನು ಇನ್ನೆರಡು ಹೆಜ್ಜೆ ಇಟ್ಟು ಬಿಡುತ್ತಾನೆ ಎಂಬುದು ತಿಂಗಳುಗಟ್ಟಲೆ ಜೊತೆಯಲ್ಲಿ ಆಡಿದ ಮೇಲಷ್ಟೇ ಕಾಲಿಗೆ ಗೊತ್ತಾಗುತ್ತದೆ. ಬೆಂಚಿನ ಮೇಲೆ ಕೂತವನಿಗೆ ಆ ತಿಂಗಳುಗಳು ಸಿಗುವುದಿಲ್ಲ. ಹೊರಗಿನಿಂದ ಬಂದ ಫಾರ್ವರ್ಡ್‌ನಿಂದ ಕ್ಲಬ್ಬು ಮೊದಲ ವಾರವೇ ಗೋಲು ಕೇಳುತ್ತದೆ. ಗೋಲಿಲ್ಲದಿದ್ದರೆ ಅವಕಾಶವಿಲ್ಲ, ಅವಕಾಶವಿಲ್ಲದಿದ್ದರೆ ಗೋಲು ಬರುವುದು ಹೇಗೆ?

ನನಗೆ ಈ ಆಟ ಕಲಿಸಿದವರು ನನ್ನ ಸೋದರಮಾವ. ಕೆಜಿಎಫ್‌ನ ಚಾಂಪಿಯನ್ ರೀಫ್ ಗಣಿಯಲ್ಲಿ ಪಾಳಿ ಮುಗಿಸಿ ಬಂದು, ಮುಖ ತೊಳೆದುಕೊಂಡು ನೇರವಾಗಿ ಮೈದಾನಕ್ಕೆ ಹೋಗುತ್ತಿದ್ದ ಕಾರ್ಮಿಕರ ತಲೆಮಾರು ಅವರದು. 2001ರ ಫೆಬ್ರುವರಿ 28ರಂದು ಗಣಿ ಮುಚ್ಚಿತು, ಆ ಸಂಜೆಯ ಆಟಗಳೂ ಕ್ರಮೇಣ ಚದುರಿಹೋದವು. "ಚೆಂಡು ಬರೋಕೆ ಮುಂಚೆ ಹಿಂದೆ ತಿರುಗಿ ನೋಡಪ್ಪ, ಬಂದ್ಮೇಲೆ ನೋಡಿ ಏನು ಮಾಡ್ತೀಯ" ಎಂದು ಅವರು ಹೇಳುತ್ತಿದ್ದರು. ಹೊರಗೆ ಕೂತು ನೋಡುವುದೂ ಆಟದ ಒಂದು ಭಾಗ ಎಂದು ಮೊದಲು ಹೇಳಿಕೊಟ್ಟವರೂ ಅವರೇ.

ಛೆಟ್ರಿಗಿಂತ ಮುಂಚೆ ಈ ದಾರಿ ಹಿಡಿದವರು ಸಿಕ್ಕಿಂನ ಬೈಚುಂಗ್ ಭುಟಿಯಾ. 1999ರಲ್ಲಿ ಇಂಗ್ಲೆಂಡಿನ ಮೂರನೇ ದರ್ಜೆಯ ಲೀಗಿನಲ್ಲಿದ್ದ ಬರಿ ಕ್ಲಬ್ಬಿಗೆ ಸೇರಿದರು. ಲೀಗಿನಲ್ಲಿ 37 ಪಂದ್ಯಗಳು, 3 ಗೋಲುಗಳು. ಅದಕ್ಕೂ ಬಹಳ ಹಿಂದೆ, 1936ರಲ್ಲಿ, ಕೋಲ್ಕತ್ತದ ಮೊಹಮ್ಮದ್ ಸಲೀಂ ಸ್ಕಾಟ್ಲೆಂಡಿನ ಸೆಲ್ಟಿಕ್ ಪರ ಬೂಟಿಲ್ಲದೆ, ಕಾಲಿಗೆ ಬ್ಯಾಂಡೇಜು ಸುತ್ತಿಕೊಂಡು ಎರಡು ಪಂದ್ಯ ಆಡಿ, ಊರಿನ ನೆನಪು ಕಾಡಿ ಹಿಂದಿರುಗಿದ್ದರು. ಭುಟಿಯಾ ಇಂಗ್ಲೆಂಡಿನಿಂದ ಮರಳಿ 2002ರಲ್ಲಿ ಸೇರಿದ್ದು ಮೋಹನ್ ಬಾಗಾನ್ ಕ್ಲಬ್ಬನ್ನು. ಹದಿನೆಂಟರ ಛೆಟ್ರಿ ವೃತ್ತಿ ಆರಂಭಿಸಿದ್ದೂ ಆಗಲೇ, ಅಲ್ಲಿಯೇ. ಹೊರದೇಶದಲ್ಲಿ ಬೆಂಚು ಕಂಡು ಬಂದ ಹಿರಿಯರನ್ನು ಒಬ್ಬ ಹುಡುಗ ದಿನವೂ ಹತ್ತಿರದಿಂದ ನೋಡಲು ಸಿಕ್ಕಿದ್ದರ ಬೆಲೆಯನ್ನು 3 ಗೋಲುಗಳ ಲೆಕ್ಕದಲ್ಲಿ ಹೇಗೆ ಸೇರಿಸುವುದು?

ನಮ್ಮ ಹುಡುಗಿಗೆ ಹೆಚ್ಚು ಹತ್ತಿರವಾಗಬೇಕಾದವರು ಮಣಿಪುರದ ಬಾಲಾ ದೇವಿ ಎಂದು ನನಗೆ ಅನ್ನಿಸುತ್ತದೆ. 2020ರ ಜನವರಿಯಲ್ಲಿ, ಮೂವತ್ತರ ಹೊಸ್ತಿಲಲ್ಲಿ, ಅವರು ಗ್ಲಾಸ್ಗೋದ ರೇಂಜರ್ಸ್ ಕ್ಲಬ್ಬಿನೊಂದಿಗೆ 18 ತಿಂಗಳ ಒಪ್ಪಂದ ಮಾಡಿಕೊಂಡರು. ಹೋಗಿ ಎರಡು ತಿಂಗಳಾಗುವುದರೊಳಗೆ ಕೊರೊನಾ ಬಂದು ಆಟವೇ ನಿಂತಿತು. ಮನೆಯಿಂದ ಅಷ್ಟು ದೂರ, ಆ ಚಳಿಯಲ್ಲಿ, ಆಡಲು ಪಂದ್ಯವೂ ಇಲ್ಲದೆ ಕಾದು, ಕೊನೆಗೆ ಡಿಸೆಂಬರಿನಲ್ಲಿ ಮದರ್‌ವೆಲ್ ವಿರುದ್ಧ ಬದಲಿ ಆಟಗಾರ್ತಿಯಾಗಿ ಇಳಿದು ಗೋಲು ಹೊಡೆದರು. ಆ ಪಂದ್ಯವನ್ನು ರೇಂಜರ್ಸ್ 9-0ರಿಂದ ಗೆದ್ದದ್ದರಿಂದ ಆ ಗೋಲು ಫಲಿತಾಂಶವನ್ನೇನೂ ಬದಲಿಸಲಿಲ್ಲ. ಆದರೂ ಅದಕ್ಕಾಗಿ ಹನ್ನೊಂದು ತಿಂಗಳು ಕಾದವರ ಸಂತೋಷವನ್ನು ಫಲಿತಾಂಶದಿಂದ ಅಳೆಯಬಾರದು. 2022ರಲ್ಲಿ ಪಂಜಾಬಿನ ಮನೀಷಾ ಕಲ್ಯಾಣ್ ಸೈಪ್ರಸ್‌ನ ಅಪೊಲೊನ್ ಕ್ಲಬ್ಬಿನ ಪರ ಯುರೋಪಿನ ಮಹಿಳೆಯರ ಚಾಂಪಿಯನ್ಸ್ ಲೀಗ್ ಆಡಿದ ಮೊದಲ ಭಾರತೀಯಳಾದಾಗ, ನಮ್ಮ ಸ್ಟಾಫ್ ರೂಮಿನ ಗೋಡೆಗೆ ಅವರ ಚಿತ್ರ ಅಂಟಿಸಿದೆ. ಅದು ಇನ್ನೂ ಅಲ್ಲೇ ಇದೆ.

ಲಿಸ್ಬನ್ನಿನಿಂದ ಬಂದ ಛೆಟ್ರಿ 2013ರಲ್ಲಿ ಚರ್ಚಿಲ್ ಬ್ರದರ್ಸ್ ಪರ ಆಡಿ, ಆಗ ದೇಶದ ಮುಖ್ಯ ಲೀಗ್ ಆಗಿದ್ದ ಐ-ಲೀಗ್ ಗೆದ್ದರು. ಅದೇ ವರ್ಷ ಹೊಸದಾಗಿ ಹುಟ್ಟಿದ ಬೆಂಗಳೂರು ಎಫ್‌ಸಿ ಸೇರಿ, ಅದರ ಮೊದಲ ಋತುವಿನಲ್ಲೇ ಮತ್ತೆ ಐ-ಲೀಗ್ ಗೆದ್ದರು. ಇಲ್ಲಿ ನಾನು ಗಮನಿಸಿದ ಒಂದು ಸಂಗತಿಯಿದೆ. ನಮ್ಮ ಕ್ಲಬ್ಬುಗಳಲ್ಲಿ ಗೋಲಿನ ಎದುರಿನ ಜಾಗ ಸಾಮಾನ್ಯವಾಗಿ ಹೊರದೇಶದಿಂದ ಬಂದ ಸ್ಟ್ರೈಕರ್‌ಗೆ ಮೀಸಲು, ನಮ್ಮವರು ಪಕ್ಕಕ್ಕೆ ಸರಿಯಬೇಕು. 2017-18ರ ಇಂಡಿಯನ್ ಸೂಪರ್ ಲೀಗಿನಲ್ಲಿ ವೆನೆಜುವೆಲಾದ ಮಿಕು ಮಧ್ಯದಲ್ಲಿ ನಿಂತಾಗ ಛೆಟ್ರಿ ಎಡಬದಿಗೆ ಹೋದರು. ಮಿಕು 15 ಗೋಲು ಹೊಡೆದರು, ಎಡಬದಿಯಿಂದ ಒಳಕ್ಕೆ ನುಗ್ಗುತ್ತಲೇ ಛೆಟ್ರಿ 14 ಹೊಡೆದರು. ಆ ಋತುವಿನಲ್ಲಿ ಟೆಂಪೊ ಟ್ರಾವೆಲರ್ ಮಾಡಿಕೊಂಡು ಹದಿನಾಲ್ಕು ಮಕ್ಕಳನ್ನು ಕಂಠೀರವಕ್ಕೆ ಕರೆದೊಯ್ದಿದ್ದೆ. ಅವರೆಲ್ಲ ಚೆಂಡನ್ನು ನೋಡುತ್ತಿದ್ದರು. ನಾನು ಚೆಂಡಿಲ್ಲದ ಛೆಟ್ರಿಯನ್ನು ನೋಡುತ್ತಿದ್ದೆ. ಚೆಂಡು ಬಲಬದಿಯಲ್ಲಿದ್ದಾಗ ಅವರು ಡಿಫೆಂಡರ್‌ನ ಬೆನ್ನ ಹಿಂದೆ ಕಣ್ಮರೆಯಾಗುವಂತೆ ನಿಧಾನವಾಗಿ ಸರಿಯುತ್ತಿದ್ದರು, ಆ ಬದಿಯಿಂದ ಗೋಲಿನತ್ತ ಒದೆದ ಚೆಂಡು (ಕ್ರಾಸ್) ಬರುವ ಹೊತ್ತಿಗೆ ಅವನ ಮುಂದೆ ಇರುತ್ತಿದ್ದರು. 170 ಸೆಂಟಿಮೀಟರ್ ಎತ್ತರದ ಆಟಗಾರ ತಲೆಯಿಂದ ಅಷ್ಟು ಗೋಲು ಹೊಡೆಯುವುದು ಹೀಗೆ. ನಿವೃತ್ತಿಯಿಂದ ಮರಳಿ ಬಂದು 2025ರ ಮಾರ್ಚ್‌ನಲ್ಲಿ ಶಿಲ್ಲಾಂಗ್‌ನಲ್ಲಿ ಮಾಲ್ಡೀವ್ಸ್ ವಿರುದ್ಧ ಹೊಡೆದ 95ನೇ ಗೋಲೂ ತಲೆಯಿಂದಲೇ ಬಂತು. ಆಗ ಅವರಿಗೆ 40 ವರ್ಷ.

ಈ ಉಪಾಯದಲ್ಲಿ ಲಿಸ್ಬನ್ನಿನ ಪಾಲೆಷ್ಟು, ಕಾನ್ಸಾಸಿನ ಪಾಲೆಷ್ಟು ಎಂದು ಬಿಡಿಸಿ ತೋರಿಸಲು ಯಾರಿಗೂ ಆಗದು. ತನಗಿಂತ ವೇಗದವರ ನಡುವೆ ವರ್ಷಗಟ್ಟಲೆ ತಿಣುಕಿದವನೇ, ವೇಗಕ್ಕೆ ಬದಲಾಗಿ ಹೊತ್ತನ್ನು ಹಿಡಿಯಲು ಕಲಿಯುತ್ತಾನೆ ಎಂಬುದು ಮಾತ್ರ ಮಕ್ಕಳನ್ನು ಇಷ್ಟು ವರ್ಷ ಆಡಿಸಿದ ನನ್ನ ಅನುಭವ.

ಇದನ್ನೆಲ್ಲ ಹೇಳಬೇಕೆಂದುಕೊಂಡಿರುವಾಗಲೇ ತಾಲ್ಲೂಕು ಮಟ್ಟದ ಪಂದ್ಯ ಬಂತು. ಎರಡು ದಿನ ಜ್ವರದಲ್ಲಿ ಮಲಗಿ ಎದ್ದಿದ್ದ ಅವಳನ್ನು ಮೊದಲರ್ಧ ಹೊರಗೆ ಕೂರಿಸಿದೆ. ಮುಖ ಸಣ್ಣದಾಯಿತು, ಆದರೂ ಬೂಟಿನ ದಾರ ಬಿಚ್ಚಲಿಲ್ಲ. ವಿರಾಮದಲ್ಲಿ ನೀರು ಕೊಡುತ್ತಿದ್ದಾಗ ಬಂದು, "ಸಾರ್, ಆ ನಾಲ್ಕನೇ ನಂಬರ್ ಹುಡುಗಿ ಎಡಗಡೆ ತಿರುಗೋದು ನಿಧಾನ, ನಾನು ಆ ಕಡೆಯಿಂದಲೇ ಓಡ್ತೀನಿ" ಎಂದಳು. ಇಳಿದ ಮೇಲೆ ಹಾಗೆಯೇ ಎರಡು ಸಲ ಓಡಿದಳು. ಒಮ್ಮೆ ಚೆಂಡು ತಡವಾಗಿ ಬಂತು, ಇನ್ನೊಮ್ಮೆ ಕಂಬಕ್ಕೆ ಬಡಿದು ಹೊರಗೆ ಹೋಯಿತು. ನಾವು ಒಂದು ಗೋಲಿನಿಂದ ಸೋತೆವು. ಬಸ್ಸಿನಲ್ಲಿ ಹಿಂದಿರುಗುವಾಗ ಅವಳು, ತನಗೆ ಚೆಂಡು ಕೊಟ್ಟ ಗೆಳತಿಯ ಪಕ್ಕದಲ್ಲಿ ಕುಳಿತು, ಮುಂದಿನ ಸೀಟಿನ ಬೆನ್ನಿನ ಮೇಲೆ ಬೆರಳಿನಿಂದ ಗೆರೆ ಎಳೆಯುತ್ತ, ತಾನು ಯಾವ ಹೆಜ್ಜೆ ಇಟ್ಟಾಗ ಚೆಂಡು ಬಿಡಬೇಕಿತ್ತೆಂದು ತೋರಿಸುತ್ತಿದ್ದಳು.